ಅಲೆಯೂ ನಮ್ಮದೇ, ತೆರೆಯೂ ನಮ್ಮದೇ!

ಸರ್ಫ್ ಅಂದರೆ ನಮ್ಮ ರೂಪನಗುಡಿಯಲ್ಲಿ ಬಟ್ಟೆ ಒಗೆಯೋ ಪುಡಿ! 1959ರಲ್ಲಿ ಭಾರತದ ಪೇಟೆಗೆ ಬಂದ ಆ ಪುಡಿ ನಮಗೆಷ್ಟು ಪರಿಚಯವೋ, ಕಡಲು ಅಷ್ಟೇ ಅಪರಿಚಿತ. ನಮ್ಮ ಸೀಮೆಯ ಹಗರಿ ಹೊಳೆ ವರ್ಷದ ಹೆಚ್ಚು ಕಾಲ ಬರೀ ಮರಳು. ಕಡಲಿನ ಅಲೆಯನ್ನು ನಾನು ಮೊದಲು ಕಂಡದ್ದು ಬಳ್ಳಾರಿಯ ಟಾಕೀಸಿನಲ್ಲಿ, ಬೆಳ್ಳಿತೆರೆಯ ಮೇಲೆ.

ಈ ಪದದ ಬೆನ್ನು ಹತ್ತಿದರೆ ಸ್ವಾರಸ್ಯ ಕೇಳಿ. ದಡಕ್ಕೆ ಬಂದು ಒಡೆಯುವ ನೊರೆಯಲೆಗೆ ಇಂಗ್ಲಿಷಿನಲ್ಲಿ ಸರ್ಫ್ ಅಂತಾರೆ. 17ನೇ ಶತಮಾನದ ಕೊನೆಯಲ್ಲಿ ಆ ಪದ ಬಳಕೆಗೆ ಬಂದಾಗ ಅದು ಹೇಳುತ್ತಿದ್ದದ್ದು ಭಾರತದ ಕರಾವಳಿಯ ಅಲೆಗಳನ್ನೇ! ಹಾಗಾಗಿ ಅದರ ಬೇರು ನಮ್ಮ ದೇಶದ್ದೇ ಇರಬಹುದು ಅಂತ ಕೆಲವು ಪಂಡಿತರ ಊಹೆ.

ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಆಟ ಮಾತ್ರ ಹವಾಯಿ ದ್ವೀಪದವರಿಂದ ಜಗತ್ತಿಗೆ ಹಬ್ಬಿತು. ಒಲಿಂಪಿಕ್ ಈಜುಗಾರ ಡ್ಯೂಕ್ ಕಹನಾಮೊಕು ಅದನ್ನು ದೇಶದೇಶಗಳಲ್ಲಿ ಆಡಿ ತೋರಿಸಿದರು. ನಮ್ಮಲ್ಲಿಗೆ ಸರ್ಫ್ ಪುಡಿ ಬಂದ ಅದೇ 1959ರಲ್ಲಿ ಹಾಲಿವುಡ್ಡಿನ 'ಗಿಡ್ಜೆಟ್' ಚಿತ್ರ ಬಂದು ಹುಡುಗ ಹುಡುಗಿಯರಿಗೆ ಆ ಹುಚ್ಚು ಹತ್ತಿಸಿತು. ಸಿನಿಮಾದ ಮಹಿಮೆ! ನಮ್ಮ ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. 1992ರಲ್ಲಿ ಅಮೆರಿಕದ ಗ್ರಂಥಪಾಲಕಿ ಜೀನ್ ಆರ್ಮರ್ ಪಾಲಿ ಅವರು, ತಮ್ಮ ಮೌಸ್ ಪ್ಯಾಡಿನ ಮೇಲಿದ್ದ ಅಲೆ ಸವಾರನ ಚಿತ್ರ ನೋಡಿ, ಲೇಖನವೊಂದಕ್ಕೆ 'ಸರ್ಫಿಂಗ್ ದಿ ಇಂಟರ್ನೆಟ್' ಅಂತ ಹೆಸರಿಟ್ಟರು. ಕಡಲ ಮಾತು ಕಂಪ್ಯೂಟರಿನ ಮನೆಮಾತಾಯಿತು.

ಆ ಮಾತು ನಮ್ಮ ಮನೆಗೂ ಬಂತು, ಜಗಳದ ರೂಪದಲ್ಲಿ. ತಮ್ಮನ ಮಗಳು ಮೊಬೈಲ್ ಹಿಡಿದು ಕೂತಿದ್ದಳು. ಏನು ಮಾಡಾಕತ್ತೀಯವ್ವ ಅಂದೆ. "ಸರ್ಫಿಂಗ್, ದೊಡ್ಡಪ್ಪ." ತಮ್ಮ ಸಿಡಿದ: "ಸುಮ್ನ ಅಲಿಯಾಕತ್ತ್ಯಾಳ!" ಫೋನ್ ಕಸಿದುಕೊಂಡ. ಹುಡುಗಿ ನೋಡುತ್ತಿದ್ದದ್ದು ನರ್ಸಿಂಗ್ ಕಾಲೇಜಿನ ಅರ್ಜಿ. ಉಳಿದಿದ್ದದ್ದು ಎರಡೇ ದಿನ. ನಾನಂದೆ: "ಅಲಿಯೋದೆಲ್ಲ ಪೋಲಿತನ ಅಲ್ಲೋ. ಮಳೆ ಕೈಕೊಟ್ಟ ವರ್ಷ ನಮ್ಮಪ್ಪ ಗುಳೇ ಹೋಗಿ ಊರೂರು ಅಲೆದದ್ದಕ್ಕೇ ನಾವು ಉಂಡದ್ದು. ಈಕಿ ಕುಂತಲ್ಲೇ ಅಲೀತಾಳ, ಅಷ್ಟೇ." ಅವನು ಮಾತಾಡಲಿಲ್ಲ. ಫೋನ್ ವಾಪಸ್ ಕೊಟ್ಟ. ಆ ರಾತ್ರಿಯೇ ಅರ್ಜಿ ಹೋಯಿತು.

ನೋಡಿ, ತಮ್ಮ ಬೈದ ಮಾತೇ ಸರ್ಫಿಂಗಿಗೆ ಅಚ್ಚ ಕನ್ನಡ! ಅಲೆ ಅಂದರೆ ನೀರಿನ ಅಲೆ, ಅಲೆ ಅಂದರೆ ಸುತ್ತಾಡು ಅಂತಲೂ. ಇಂಗ್ಲಿಷು ಈಚೆಗೆ ಮಾಡಿದ ಗಂಟನ್ನು ಕನ್ನಡ ಎಂದೋ ಹಾಕಿಟ್ಟಿದೆ. ಇನ್ನು ತೆರೆ? ಅದೂ ಅಲೆಯೇ, ನಾವು ನೀವು ಟಿಕೆಟ್ ತೆಗೆದು ನೋಡುವ ಪರದೆಯೂ ಅದೇ. ಕಡಲಿಲ್ಲದ ಊರಿನವರಿಗೆ ಇಷ್ಟು ಅಲೆ ಸಾಲದೇ?