ಪವರ್ ಬಟನ್ ಒತ್ತುವ ಮುನ್ನ

ಕಂಪ್ಯೂಟರ್ ನಿಂತುಹೋದರೆ ನಮ್ಮ ಮನೆಯಲ್ಲಿ ‘ಅಟಕ್ ಗಯಾ’ ಅನ್ನುತ್ತಾರೆ. ಕಾಲೇಜಿನ ಲ್ಯಾಬಿನಲ್ಲಿ ಗೆಳತಿಯರು ‘ಹ್ಯಾಂಗ್ ಆಯ್ತು’ ಅನ್ನುತ್ತಾರೆ. ಕನ್ನಡ ಪರೀಕ್ಷೆಯಲ್ಲಾದರೆ ‘ಸ್ಥಗಿತಗೊಂಡಿತು’ ಎಂದು ಬರೆಯಬೇಕೇನೋ. ಹೆಸರು ಯಾವುದಾದರೂ ಆಗಲಿ, ಆಮೇಲೆ ಎಲ್ಲರೂ ಮಾಡುವುದು ಒಂದೇ. ಮೌಸ್ ಅಲ್ಲಾಡಿಸುತ್ತಾರೆ, ಎಂಟರ್ ಕೀಲಿಯನ್ನು ಹತ್ತು ಸಲ ಕುಟ್ಟುತ್ತಾರೆ, ಹಳೆಯ ಟಿವಿಗೆ ಹೊಡೆದಂತೆ ಸಿಪಿಯು ಪೆಟ್ಟಿಗೆಯ ತಲೆಗೆ ಒಂದು ಏಟು ಕೊಡುತ್ತಾರೆ, ಕೊನೆಗೆ ಪವರ್ ಬಟನ್ ಒತ್ತಿ ಹಿಡಿಯುತ್ತಾರೆ. ಇನ್ನೂ ಅವಸರದವರು ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಾರೆ. ಹಾಗೆ ಮಾಡಿದಾಗ ಹಾರ್ಡ್ ಡಿಸ್ಕಿಗೆ ಏನಾಗುತ್ತದೆ, ಅದನ್ನು ಕಾಪಾಡಲು ನಾವೇನು ಮಾಡಬಹುದು ಎಂದು ನಾನು ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತೇನೆ.

ನಾನು ವಾಣಿಜ್ಯ ವಿಭಾಗದವಳು. ಕಂಪ್ಯೂಟರ್ ಸೈನ್ಸ್ ಓದುವವರು ದಯವಿಟ್ಟು ನಗಬೇಡಿ. ನನಗೆ ಈ ವಿಷಯ ಬೇಕಾದದ್ದು ಪರೀಕ್ಷೆಗಲ್ಲ, ಅಬ್ಬಾ ಅವರ ಅಂಗಡಿಗೆ. ಅವರದು ಹಾರ್ಡ್‌ವೇರ್ ಅಂಗಡಿ. ಹಾಗೆಂದರೆ ಕಂಪ್ಯೂಟರ್ ಬಿಡಿಭಾಗ ಮಾರುವ ಅಂಗಡಿಯಲ್ಲ; ಮೊಳೆ, ಚಿಲಕ, ಬಣ್ಣ, ಸಿಮೆಂಟು ಮಾರುವಂಥದ್ದು. ಅಲ್ಲಿ ಧೂಳು ಜಾಸ್ತಿ ಎಂದು ಕಂಪ್ಯೂಟರನ್ನು ಮನೆಯಲ್ಲೇ ಇಟ್ಟಿದ್ದೇವೆ. ದಿನದ ಬಿಲ್ಲುಗಳು ಸಂಜೆ ಒಂದು ಬಟ್ಟೆಚೀಲದಲ್ಲಿ ಮನೆಗೆ ಬರುತ್ತವೆ. ಮಗ್ರಿಬ್ ಆದ ಮೇಲೆ ನಾನು ಕುಳಿತು ಅವನ್ನು ಟ್ಯಾಲಿಗೆ ಏರಿಸುತ್ತೇನೆ. ವ್ಯಾಪಾರದಲ್ಲಿ ಅರ್ಧಕ್ಕಿಂತ ಹೆಚ್ಚು ಉಧಾರಿ. ಮೇಸ್ತ್ರಿಗಳು, ಬಡಗಿಗಳು ಸಾಮಾನು ಒಯ್ದು, ಮನೆ ಕಟ್ಟಿಸುವವರು ಹಣ ಕೊಟ್ಟ ಮೇಲೆ ತೀರಿಸುತ್ತಾರೆ. ಯಾರು ಎಷ್ಟು ಕೊಡಬೇಕು ಎಂಬುದೆಲ್ಲ ಇರುವುದು ಒಂದು ಹಾರ್ಡ್ ಡಿಸ್ಕಿನಲ್ಲಿ.

ನಾನು ಎಂಟನೇ ತರಗತಿಯಲ್ಲಿದ್ದಾಗ ಲೆಕ್ಕ ಬರೆಯುತ್ತಿದ್ದವರು ಬೇರೆಯವರು. ಆ ಮಳೆಗಾಲದಲ್ಲಿ ಕಂಪ್ಯೂಟರ್ ದಿನಕ್ಕೆರಡು ಸಲ ನಿಲ್ಲುತ್ತಿತ್ತು. ಪ್ರತಿ ಸಲವೂ ಬಟನ್ ಹಿಡಿದು ಆರಿಸುವುದು, ಮತ್ತೆ ಹಚ್ಚುವುದು. ಒಂದು ದಿನ ಹಚ್ಚಿದಾಗ ಅಂಗಡಿಯ ಲೆಕ್ಕ ತೆರೆದುಕೊಳ್ಳಲೇ ಇಲ್ಲ. ಕೈಯಲ್ಲಿದ್ದ ಬ್ಯಾಕಪ್ ಆರು ವಾರ ಹಳೆಯದು. ಬಿಲ್ಲಿನ ಪ್ರತಿಗಳಲ್ಲಿ ಕೆಲವು ಸಿಕ್ಕವು, ಕೆಲವು ನೆನೆದು ಅಂಟಿಕೊಂಡಿದ್ದವು. ಅಬ್ಬಾ ಒಬ್ಬೊಬ್ಬರ ಬಳಿ ಹೋಗಿ ‘ನಿಮ್ಮದು ಎಷ್ಟು ಬಾಕಿ ಇದೆ?’ ಎಂದು ಕೇಳಬೇಕಾಯಿತು. ಸಾಲ ಕೊಟ್ಟವನೇ ಸಾಲ ತೆಗೆದುಕೊಂಡವನನ್ನು ಹೀಗೆ ಕೇಳುವುದು ಎಂಥ ಮುಜುಗರ ಎಂದು ಯೋಚಿಸಿ. ಹೆಚ್ಚಿನವರು ಸರಿಯಾಗಿಯೇ ಹೇಳಿದರು. ವಯಸ್ಸಾದ ಒಬ್ಬ ಮೇಸ್ತ್ರಿ ಅಬ್ಬಾಗೆ ನೆನಪಿದ್ದದ್ದಕ್ಕಿಂತ 800 ರೂಪಾಯಿ ಹೆಚ್ಚೇ ಹೇಳಿದರು. ಇಬ್ಬರು ಮಾತ್ರ ‘ಕೊಟ್ಟಾಯ್ತಲ್ಲ’ ಅಂದರು. ಕೊಟ್ಟಿದ್ದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಅವರು ಸುಳ್ಳು ಹೇಳಿದರು ಎನ್ನಲೂ ಪುಸ್ತಕವಿಲ್ಲ, ನಿಜ ಹೇಳಿದರು ಎನ್ನಲೂ ಪುಸ್ತಕವಿಲ್ಲ. ಅವರಲ್ಲೊಬ್ಬರು ನಮ್ಮ ಮನೆಯ ಮದುವೆಗಳಿಗೆಲ್ಲ ಬರುತ್ತಿದ್ದವರು. ಈಗ ದಾರಿಯಲ್ಲಿ ಸಿಕ್ಕರೆ ಸಲಾಂ ಅಷ್ಟೇ. ಹೋದ ಹಣದ ಮಾತನ್ನು ಅಬ್ಬಾ ಯಾವತ್ತೂ ಎತ್ತುವುದಿಲ್ಲ, ಆ ಮನುಷ್ಯನ ಮಾತನ್ನು ಈಗಲೂ ಎತ್ತುತ್ತಾರೆ.

ಆಗ ಎಲ್ಲರೂ ‘ಹಾರ್ಡ್ ಡಿಸ್ಕ್ ಹಾಳಾಯಿತು’ ಎಂದರು. ಆದರೆ ಅದೇ ಡಿಸ್ಕ್ ಆಮೇಲೆಯೂ ವರ್ಷಗಟ್ಟಲೆ ನಡೆಯಿತು! ಹಾಗಾದರೆ ಹಾಳಾದದ್ದು ಏನು? ನನಗೆ ಕುತೂಹಲ ಶುರುವಾದದ್ದು ಇಲ್ಲಿಂದ.

ಹಾರ್ಡ್ ಡಿಸ್ಕ್ ಹಳೆಯ ಕಲ್ಪನೆ. ಐಬಿಎಂ ಕಂಪನಿ 1956ರಲ್ಲಿ ತಂದ ಮೊದಲನೆಯದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದದ್ದು 5 ಎಂಬಿಗಿಂತಲೂ ಕಡಿಮೆ, ಅಂದರೆ ಇವತ್ತಿನ ಮೊಬೈಲಿನ ಒಂದೆರಡು ಫೋಟೋ. ಈಗಿನ ಡಿಸ್ಕ್ ಅಂಗೈಯಷ್ಟಿದ್ದರೂ ಒಳಗಿನ ವ್ಯವಸ್ಥೆ ಅದೇ. ಕಾಂತೀಯ ಲೇಪನದ ತಟ್ಟೆ ತಿರುಗುತ್ತದೆ, ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು. ಅದರ ಮೇಲೆ ಓದುವ-ಬರೆಯುವ ತಲೆ ತಟ್ಟೆಯನ್ನು ಮುಟ್ಟದೆ ತೇಲುತ್ತದೆ. ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ನಮ್ಮ ಕೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಇಷ್ಟು ಗೊತ್ತಾದ ಮೇಲೆ ಸಿಪಿಯುಗೆ ಏಟು ಕೊಡಲು ಯಾರಿಗೂ ಕೈ ಬರಬಾರದು. ಡಿಸ್ಕ್ ತಿರುಗುತ್ತಿರುವಾಗ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಡುವುದೂ ಬೇಡ.

ಕರೆಂಟು ಹಠಾತ್ತನೆ ಹೋದರೆ ಆ ತಲೆ ತಟ್ಟೆಯ ಮೇಲೆ ಬಿದ್ದು ಗೀರುತ್ತದೆ ಎಂದು ಹಲವರು ನಂಬಿದ್ದಾರೆ. ಈಗಿನ ಡಿಸ್ಕ್‌ಗಳಲ್ಲಿ ಹಾಗಾಗದಂತೆ ಏರ್ಪಾಡಿದೆ. ಕರೆಂಟು ಹೋದ ಕ್ಷಣದಲ್ಲಿ, ಇನ್ನೂ ತಿರುಗುತ್ತಿರುವ ತಟ್ಟೆಯ ಮೋಟಾರೇ ಡೈನಮೋದಂತೆ ಕೊಂಚ ವಿದ್ಯುತ್ ಕೊಟ್ಟು, ತಲೆಯನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತದೆ. ನನಗೆ ಇದು ಬಹಳ ಇಷ್ಟವಾಯಿತು. ಆದರೆ ಇದು ತುರ್ತು ಬಾಗಿಲು, ದಿನವೂ ಓಡಾಡುವ ಬಾಗಿಲಲ್ಲ. ಪದೇ ಪದೇ ಹೀಗೆ ಎಳೆದರೆ ಸವೆತ ಹೆಚ್ಚು.

ಹಾಗಾದರೆ ಒಂದು ಸಲ ಬಟನ್ ಹಿಡಿದಾಗ ಹೆಚ್ಚಾಗಿ ಕೆಡುವುದು ಲೋಹವಲ್ಲ, ಅರ್ಧಕ್ಕೆ ನಿಂತ ಬರವಣಿಗೆ. ನಾವು ಟೈಪ್ ಮಾಡಿದ್ದೆಲ್ಲ ತಕ್ಷಣ ತಟ್ಟೆಗೆ ಹೋಗುವುದಿಲ್ಲ. ಮೊದಲು ಕಂಪ್ಯೂಟರಿನ ರ್‍ಯಾಮ್‌ನಲ್ಲಿ, ಆಮೇಲೆ ಡಿಸ್ಕಿನೊಳಗೇ ಇರುವ ಪುಟ್ಟ ನೆನಪಿನಲ್ಲಿ ನಿಂತು, ಸರದಿ ಬಂದಾಗ ತಟ್ಟೆಗೆ ಇಳಿಯುತ್ತದೆ. ಆ ಎರಡೂ ನೆನಪುಗಳು ಕರೆಂಟು ಹೋದರೆ ಖಾಲಿ.

ವಾಣಿಜ್ಯದ ಗೆಳೆಯರಿಗೆ ಈಗ ಹೇಳುವುದು ಸುಲಭ. ನಮ್ಮ ಅಕೌಂಟೆನ್ಸಿಯಲ್ಲಿ ವ್ಯವಹಾರವನ್ನು ಮೊದಲು ಜರ್ನಲ್‌ಗೆ ಬರೆದು ಆಮೇಲೆ ಲೆಡ್ಜರ್‌ಗೆ ಏರಿಸುತ್ತೇವೆ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚಿಯೋಲಿಯ ಗ್ರಂಥದಲ್ಲೇ ಕಚ್ಚಾ ಪುಸ್ತಕ, ಜರ್ನಲ್, ಲೆಡ್ಜರ್ ಎಂಬ ಮೂರು ಹಂತಗಳಿವೆ. ನಮ್ಮ ಊರುಗಳ ಅಂಗಡಿಗಳಲ್ಲಿ ಇದನ್ನೇ ಕಿರ್ದಿ ಮತ್ತು ಖಾತೆ ಎನ್ನುತ್ತಿದ್ದರು. (ಜಮಾ, ಖರ್ಚು, ಬಾಕಿ, ವಸೂಲಿ ಎಂಬ ಮಾತುಗಳು ನಮ್ಮ ಮನೆಯ ಉರ್ದುವಿನಲ್ಲೂ ಇವೆ, ಕನ್ನಡದ ಅಂಗಡಿಯಲ್ಲೂ ಇವೆ. ಲೆಕ್ಕದ ವಿಷಯಕ್ಕೆ ಬಂದರೆ ನನಗೆ ಅನುವಾದದ ಕಷ್ಟವೇ ಇಲ್ಲ.) ಖಾತೆ ಬರೆಯುವಾಗ ಅರ್ಧಕ್ಕೆ ಎದ್ದು ಹೋದರೂ ಕಿರ್ದಿ ನೋಡಿ ಸರಿಪಡಿಸಬಹುದು.

ಕಂಪ್ಯೂಟರ್ ಕೂಡ ಹೀಗೆಯೇ ಮಾಡುತ್ತದೆ ಎಂದು ತಿಳಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ, ಕಡತಗಳ ಪಟ್ಟಿಯನ್ನು ಬದಲಿಸುವ ಮೊದಲು ಆ ಬದಲಾವಣೆಯನ್ನು ಒಂದು ಲಾಗ್‌ನಲ್ಲಿ ಬರೆದಿಡುತ್ತದೆ. ಈ ಪದ್ಧತಿಯ ಹೆಸರೇ ಜರ್ನಲಿಂಗ್! ಕಂಪ್ಯೂಟರ್ ಹಠಾತ್ತನೆ ಆರಿದರೆ ಮತ್ತೆ ಹಚ್ಚಿದಾಗ ಆ ಕಿರ್ದಿಯನ್ನು ಓದಿ, ಪೂರ್ತಿಯಾದದ್ದನ್ನು ಉಳಿಸಿ, ಅರ್ಧಕ್ಕೆ ನಿಂತದ್ದನ್ನು ರದ್ದು ಮಾಡುತ್ತದೆ. ಆದರೆ ಒಂದು ಕೊರತೆ ಇದೆ. ಈ ಕಿರ್ದಿಯಲ್ಲಿ ಸೇರುವುದು ಕಡತದ ಹೆಸರು, ಗಾತ್ರ, ಅದು ಇರುವ ಜಾಗ ಇಂಥವು ಮಾತ್ರ. ಕಡತದ ಒಳಗಿನ ಬರಹ ಸೇರುವುದಿಲ್ಲ. ಕಪಾಟು ನೆಟ್ಟಗಿರುತ್ತದೆ, ಒಳಗಿನ ಪುಸ್ತಕದಲ್ಲಿ ಒಂದು ಪುಟ ಅರ್ಧ ಬರೆದಿರಬಹುದು. ನಮ್ಮ ಅಂಗಡಿಯ ಲೆಕ್ಕಕ್ಕೆ ಆದದ್ದೂ ಹೀಗೆಯೇ ಇರಬೇಕು ಎಂದು ನನ್ನ ಅಂದಾಜು. ಇನ್ನು ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವ ಫ್ಯಾಟ್32 ಎಂಬ ಹಳೆಯ ಪದ್ಧತಿಗೆ ಈ ಕಿರ್ದಿಯೂ ಇಲ್ಲ. ಪ್ರಾಜೆಕ್ಟನ್ನು ನೇರವಾಗಿ ಪೆನ್‌ಡ್ರೈವ್‌ನಲ್ಲೇ ತೆರೆದು ಟೈಪ್ ಮಾಡುವವರು ಇದನ್ನು ಗಮನಿಸಿ.

ಈಗ ಪರದೆ ನಿಂತಿದೆ ಎಂದುಕೊಳ್ಳಿ. ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಒಳಗೆ ಇನ್ನೂ ಬದುಕಿದೆ. ಪೆಟ್ಟಿಗೆಯ ಮುಂದಿರುವ ಡಿಸ್ಕಿನ ಪುಟ್ಟ ದೀಪವನ್ನು ನೋಡಿ. ಅದು ಮಿನುಗುತ್ತಿದ್ದರೆ ಓದು-ಬರಹ ನಡೆಯುತ್ತಿದೆ ಎಂದರ್ಥ. ಆಗ ಕೈಕಟ್ಟಿ ಕಾಯುವುದೇ ಸರಿ. ಐದು ನಿಮಿಷ ಕಾಯಲಾರದಷ್ಟು ಅವಸರ ಯಾರಿಗಿದೆ? ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒತ್ತಿ, ನಿಂತಿರುವ ಒಂದು ಪ್ರೋಗ್ರಾಮನ್ನು ಮಾತ್ರ ಮುಚ್ಚಲು ಆಗುತ್ತದೆಯೇ ನೋಡಿ. ಪರದೆ ಮಾತ್ರ ಕಪ್ಪಾಗಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆಗೆ ಬಿ ಒತ್ತಿದರೆ ಚಿತ್ರ ತೋರಿಸುವ ಭಾಗವಷ್ಟೇ ಮರುಚಾಲನೆ ಆಗುತ್ತದೆ. ತೆರೆದ ಕಡತಗಳು ಹಾಗೇ ಇರುತ್ತವೆ.

ಇದ್ಯಾವುದೂ ಆಗದಿದ್ದರೆ ಪವರ್ ಬಟನ್ನನ್ನು ಒಂದು ಸಲ ಮಾತ್ರ, ಕರೆಗಂಟೆ ಒತ್ತಿದಂತೆ ಒತ್ತಿ ಬಿಡಿ. ಹಿಡಿಯಬೇಡಿ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಕ್ರಮವಾಗಿ ಮುಚ್ಚಿಕೋ ಎಂಬ ಆಜ್ಞೆ. ಬದುಕಿದ್ದರೆ ಕೇಳಿಸಿಕೊಳ್ಳುತ್ತದೆ. ಅದಕ್ಕೂ ಉತ್ತರವಿಲ್ಲ, ಕ್ಯಾಪ್ಸ್ ಲಾಕ್ ದೀಪವೂ ಅಲ್ಲಾಡುತ್ತಿಲ್ಲ, ಡಿಸ್ಕಿನ ದೀಪವೂ ಬಹಳ ಹೊತ್ತಿನಿಂದ ಆರಿದೆ ಎಂದಾದರೆ ಮಾತ್ರ ನಾಲ್ಕೈದು ಸೆಕೆಂಡು ಒತ್ತಿ ಹಿಡಿಯಿರಿ. ಆ ಹೊತ್ತಿಗೆ ಡಿಸ್ಕ್ ತನ್ನ ಪುಟ್ಟ ನೆನಪಿನಲ್ಲಿದ್ದದ್ದನ್ನು ತಟ್ಟೆಗೆ ಇಳಿಸಿಕೊಂಡಿರುತ್ತದೆ, ಏಕೆಂದರೆ ಕರೆಂಟು ಇರುವವರೆಗೆ ಆ ಕೆಲಸಕ್ಕೆ ಅದು ವಿಂಡೋಸನ್ನು ಕಾಯುವುದಿಲ್ಲ. ಪೆಟ್ಟಿಗೆಯಲ್ಲಿ ರೀಸೆಟ್ ಬಟನ್ ಇದ್ದರೆ ಅದು ಇನ್ನೂ ಒಳ್ಳೆಯದು. ಡಿಸ್ಕಿಗೆ ಕರೆಂಟು ತಪ್ಪುವುದೇ ಇಲ್ಲ. ಗೋಡೆಯ ಸ್ವಿಚ್ಚು ಮಾತ್ರ ಬೇಡವೇ ಬೇಡ. ಹೊಗೆ ಬಂದರೆ ಬೇರೆ ಮಾತು.

ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ಹೆಚ್ಚಿನವರು ತಿರುಗುಮುರುಗಾಗಿ ತಿಳಿದಿದ್ದಾರೆ. ಹ್ಯಾಂಗ್ ಆದದ್ದರಿಂದ ಡಿಸ್ಕ್ ಕೆಟ್ಟಿತು ಅನ್ನುತ್ತಾರೆ. ಎಷ್ಟೋ ಸಲ ಡಿಸ್ಕ್ ಕೆಡುತ್ತಿರುವುದರಿಂದಲೇ ಹ್ಯಾಂಗ್ ಆಗುತ್ತದೆ. ತಟ್ಟೆಯ ಒಂದು ಜಾಗ ಓದಲು ಬಾರದಿದ್ದರೆ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇರುತ್ತದೆ, ಉಳಿದದ್ದೆಲ್ಲ ಬಾಗಿಲಲ್ಲಿ ಕಾಯುತ್ತದೆ. ಕಳೆದ ಮಾರ್ಚ್‌ನಲ್ಲಿ, ವರ್ಷದ ಲೆಕ್ಕ ಮುಗಿಸುವ ವಾರದಲ್ಲೇ, ನಮ್ಮ ಕಂಪ್ಯೂಟರ್ ಹೀಗೆ ನಿಂತಿತು. ಡಿಸ್ಕಿನ ದೀಪ ಆರದೆ ಉರಿಯುತ್ತಿತ್ತು, ಒಳಗಿನಿಂದ ಟಿಕ್ ಟಿಕ್ ಸದ್ದು. ಅಬ್ಬಾ ಸ್ವಿಚ್ಚಿನ ಕಡೆ ಕೈ ಚಾಚಿದರು. ‘ಅಬ್ಬಾ, ಜರಾ ಠಹರೋ’ ಎಂದೆ. ಎಂಟು ನಿಮಿಷ ನಾವಿಬ್ಬರೂ ಮಾತಿಲ್ಲದೆ ಆ ಕೆಂಪು ದೀಪ ನೋಡುತ್ತಾ ಕುಳಿತೆವು. ಅಮ್ಮಿ ಚಹಾ ತಂದಿಟ್ಟದ್ದು ಆರಿತು. ಒಂಬತ್ತನೇ ನಿಮಿಷಕ್ಕೆ ಪರದೆ ಅಲ್ಲಾಡಿತು.

ಮೊದಲು ಮಾಡಿದ ಕೆಲಸ ಅಂಗಡಿಯ ಲೆಕ್ಕವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡದ್ದು. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದೆ. ಎಲ್ಲ ಡಿಸ್ಕ್‌ಗಳೂ ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಚೆನ್ನಾಗಿದ್ದರೆ ನೀಲಿ, ಎಚ್ಚರಿಕೆಗೆ ಹಳದಿ, ಕೆಟ್ಟಿದ್ದರೆ ಕೆಂಪು. ನಮ್ಮದು ಹಳದಿ. ಅದರಲ್ಲಿ ಎರಡು ಸಾಲು ಮುಖ್ಯ. ಪೆಂಡಿಂಗ್ ಸೆಕ್ಟರ್ ಎಂದರೆ ನಮ್ಮ ಭಾಷೆಯಲ್ಲಿ ಸಂಶಯದ ಸಾಲ: ಓದಲು ಬರುತ್ತದೋ ಇಲ್ಲವೋ ತೀರ್ಮಾನವಾಗಿಲ್ಲ. ರಿಅಲೊಕೇಟೆಡ್ ಸೆಕ್ಟರ್ ಎಂದರೆ ಮುಳುಗಿದ ಸಾಲ: ಆ ಜಾಗವನ್ನು ಕೈಬಿಟ್ಟು, ಮೀಸಲಿಟ್ಟ ಜಾಗದಿಂದ ಬದಲಿ ಕೊಟ್ಟಾಗಿದೆ. ಮೀಸಲು ಕರಗುತ್ತಿದ್ದರೆ ವ್ಯಾಪಾರಿ ಏನು ಮಾಡಬೇಕೋ ನಾವೂ ಅದನ್ನೇ ಮಾಡಬೇಕು.

ರಿಪೇರಿಯವರೊಬ್ಬರು ‘ಚೆಕ್‌ಡಿಸ್ಕ್ ಹಾಕಿ ರಾತ್ರಿಯಿಡೀ ಬಿಡಿ, ಸರಿಹೋಗುತ್ತದೆ’ ಎಂದರು. ನಾನು ಒಪ್ಪಲಿಲ್ಲ. ಡಿಸ್ಕ್ ಗಟ್ಟಿಯಿದ್ದು ಬರೀ ಪಟ್ಟಿ ಗೊಂದಲವಾಗಿದ್ದರೆ ಚೆಕ್‌ಡಿಸ್ಕ್ ಒಳ್ಳೆಯ ಔಷಧ. ಸಾಯುತ್ತಿರುವ ಡಿಸ್ಕಿನ ಮೂಲೆಮೂಲೆಯನ್ನೂ ಓದಿಸುವುದು ಜ್ವರ ಬಂದವನನ್ನು ಮೈದಾನ ಸುತ್ತಿಸಿದಂತೆ. ಮೊದಲು ನಕಲು, ಆಮೇಲೆ ಚಿಕಿತ್ಸೆ. ಈ ಕ್ರಮ ತಪ್ಪಬಾರದು.

ಈಗ ಹೊಸ ಎಸ್‌ಎಸ್‌ಡಿ ಹಾಕಿದ್ದೇವೆ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ತೇಲುವ ತಲೆಯಿಲ್ಲ, ಏಟಿಗೆ ಹೆದರುವುದಿಲ್ಲ. ಆದರೆ ಯಾವ ಬರಹ ಯಾವ ಚಿಪ್ಪಿನಲ್ಲಿದೆ ಎಂಬ ಪಟ್ಟಿಯನ್ನು ಅದೂ ಸದಾ ತಿದ್ದಿಕೊಳ್ಳುತ್ತಿರುತ್ತದೆ, ಹಾಗಾಗಿ ಹಠಾತ್ ಕತ್ತಲು ಅದಕ್ಕೂ ಆಗದು. ಅಂಗಡಿಯಲ್ಲಿ ಅಬ್ಬಾ ಕಾಗದದ ಕಿರ್ದಿಯನ್ನು ಮತ್ತೆ ಶುರು ಮಾಡಿದ್ದಾರೆ. ಎರಡೆರಡು ಸಲ ಬರೆಯುವುದು ಯಾಕೆ ಎಂದು ತಮ್ಮ ಕೇಳುತ್ತಾನೆ. ನನಗೆ ಅದು ಸರಿ ಅನ್ನಿಸುತ್ತದೆ. ಟ್ಯಾಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, 1986ರಲ್ಲಿ. ತಂದೆಯ ವ್ಯಾಪಾರದ ಲೆಕ್ಕಕ್ಕೆಂದು ಮಗ ಭರತ್ ಗೋಯೆಂಕಾ ಬರೆದ ತಂತ್ರಾಂಶ ಅದು. ನಾನು ತಂತ್ರಾಂಶ ಬರೆಯಲಾರೆ, ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುವ ಹೊತ್ತಿನಲ್ಲಿ ಆಲ್ಟ್ ಮತ್ತು ವೈ ಒತ್ತಿ ಬ್ಯಾಕಪ್ ತೆಗೆಯಬಲ್ಲೆ. ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಮನೆಯಲ್ಲೇ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಖಾಲಾ ಮನೆಯ ಕಪಾಟಿನಲ್ಲಿ. ತಿಂಗಳಿಗೊಮ್ಮೆ ಅದನ್ನು ತೆರೆದು, ನಾಲ್ಕು ಜನರ ಬಾಕಿ ಕಿರ್ದಿಯ ಜೊತೆ ತಾಳೆಯಾಗುತ್ತದೆಯೇ ಎಂದೂ ನೋಡುತ್ತೇನೆ, ಏಕೆಂದರೆ ತೆರೆಯಲಾಗದ ಬ್ಯಾಕಪ್ಪಿನಿಂದ ಪ್ರಯೋಜನವಿಲ್ಲ.

ಯುಪಿಎಸ್‌ನ ಬ್ಯಾಟರಿ ಮಾತ್ರ ಮೂರು ವರ್ಷ ಹಳೆಯದಾಗಿದೆ. ಕರೆಂಟು ಹೋದರೆ ಮೊದಲಿನಂತೆ ಹತ್ತು ನಿಮಿಷ ನಿಲ್ಲುವುದಿಲ್ಲ, ಎರಡೇ ನಿಮಿಷಕ್ಕೆ ಕೂಗಲು ಶುರು ಮಾಡುತ್ತದೆ. ಈ ತಿಂಗಳ ವಸೂಲಿ ಆದ ಮೇಲೆ ಹೊಸದು ತರುತ್ತೇನೆ ಎಂದು ಅಬ್ಬಾ ಹೇಳಿದ್ದಾರೆ. ಅಲ್ಲಿಯವರೆಗೆ ಪ್ರತಿ ಐದು ಬಿಲ್ಲಿಗೊಮ್ಮೆ ತಲೆಯೆತ್ತಿ ಟ್ಯೂಬ್‌ಲೈಟ್ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.