ಎಂಟು ಮಂದಿ ಮಲಗುವ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ನಾನು ಎರಡನ್ನೂ ಮಾಡಿ ನೋಡಿದವಳು. ರಾಣೇಬೆನ್ನೂರಿನಲ್ಲಿ ಸೊಸೈಟಿಯ ಸಾಲ ತೆಗೆದು ಮೂರು ಖೋಲಿಯ ಮನೆ ಕಟ್ಟಿಸಿದೆವು. ಆ ಸಾಲ ತೀರಿತು ಎನ್ನುವಷ್ಟರಲ್ಲಿ ಮಗಳ ಮದುವೆ ಬಂತು. ಅದೂ ಮುಗಿದ ಮೇಲೆ, ಇನ್ನು ಮಾಡಿ ನೋಡುವಂಥದ್ದು ಏನೂ ಉಳಿದಿಲ್ಲವೆಂದು ನಿಶ್ಚಿಂತಳಾಗಿದ್ದೆ. ಮನೆಗೇ ಗಾಲಿ ಕಟ್ಟಿ ಎಳೆದುಕೊಂಡು ಹೋಗಿ ನೋಡುವುದೂ ಒಂದಿದೆ ಎಂದು ಗೊತ್ತಾದದ್ದು 2023ರ ಬೇಸಿಗೆಯಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ.

ಶಾಲೆಯ ಬೇಸಿಗೆ ರಜೆಗೆ ಇನ್ನೆರಡು ವಾರದ ಗಳಿಕೆ ರಜೆ ಸೇರಿಸಿಕೊಂಡು ಮಗಳ ಮನೆಗೆ ಹೋಗಿದ್ದೆ. ಎಂಬತ್ತಾರು ದಾಟಿದ ಅತ್ತೆಯವರನ್ನು ನಾದಿನಿಯ ಸುಪರ್ದಿಗೆ ಒಪ್ಪಿಸಿ, ಗುಳಿಗೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಹತ್ತು ಸಲ ಹಿಂದಿರುಗಿ ನೋಡುತ್ತ ವಿಮಾನ ಹತ್ತಿದವಳು ನಾನು. ಹೋದ ಮೂರನೆಯ ದಿನವೇ ಮಗಳು ಬಣ್ಣಬಣ್ಣದ ಪುಸ್ತಕಗಳ ಒಂದು ಕಟ್ಟನ್ನು ನನ್ನ ಮುಂದಿಟ್ಟಳು. ಸೀರೆಯ ಕ್ಯಾಟಲಾಗು ಇರಬೇಕೆಂದು ಉತ್ಸಾಹದಿಂದ ಕನ್ನಡಕ ಏರಿಸಿದೆ. ತೆರೆದರೆ ಬರೀ ಡಬ್ಬಿಗಳು! ಗಾಲಿಯಿರುವ ಬಿಳಿ ಡಬ್ಬಿಗಳು.

ಅವನ್ನು ಟ್ರಾವೆಲ್ ಟ್ರೈಲರ್ ಎನ್ನುತ್ತಾರೆ. ಅದಕ್ಕೆ ಇಂಜಿನ್ ಇಲ್ಲ. ಕಾರಿಗೋ ಪಿಕಪ್ ಟ್ರಕ್ಕಿಗೋ ಹಿಂದೆ ಕೊಕ್ಕೆಯಿಂದ ಸಿಕ್ಕಿಸಿ ಎಳೆದೊಯ್ಯುವ ಮನೆ. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು, ಸ್ನಾನ, ಶೌಚ ಎಲ್ಲವೂ ಉಂಟು. ಕಾಡಿನಂಚಿಗೋ ಸರೋವರದ ದಂಡೆಗೋ ಹೋಗಿ, ಅದಕ್ಕೆಂದೇ ಗುರುತು ಮಾಡಿದ ಜಾಗದಲ್ಲಿ ನಿಲ್ಲಿಸಿ, ನಾಲ್ಕು ದಿನ ಇದ್ದು ಬರುತ್ತಾರೆ. ಇದಕ್ಕೆ ಕ್ಯಾಂಪಿಂಗ್ ಎಂದು ಹೆಸರು. ಮಗಳಿಗೂ ಅಳಿಯಂದಿರಿಗೂ ಎರಡು ಮಕ್ಕಳು. ಗುಡಾರದಲ್ಲಿ ಮಲಗಿ ಸಾಕಾಗಿದೆ, ಈ ಸಲ ಒಳ್ಳೆಯ, ದೊಡ್ಡ, ಐಷಾರಾಮಿ ಟ್ರೈಲರನ್ನೇ ಕೊಳ್ಳಬೇಕೆಂದು ಅವರು ನಿಶ್ಚಯಿಸಿದ್ದರು.

ಮಗಳು ಬೆರಳಿಟ್ಟು ತೋರಿಸಿದ್ದು ಮೂವತ್ತಮೂರು ಅಡಿ ಉದ್ದದ ಒಂದನ್ನು. ಅದರ ಚಿತ್ರದ ಕೆಳಗೆ, ಎಂಟು ಜನ ಮಲಗಬಹುದು ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

ಮರುದಿನವೇ ಅಂಗಡಿಗೆ ಸವಾರಿ. ಅಂಗಡಿಯೆಂದರೆ ನಮ್ಮ ಸಂತೆ ಮೈದಾನದ ಐದರಷ್ಟಿದ್ದೀತು. ಸಾಲುಸಾಲು ಟ್ರೈಲರುಗಳು. ಮಾರುವ ಹುಡುಗ ಬಹಳ ವಿನಯವಂತ. ಒಂದು ಗುಂಡಿ ಒತ್ತಿದ. ಗೋಡೆಗೆ ಗೋಡೆಯೇ, ಸೋಫಾ ಸಮೇತ, ಮೂರು ಅಡಿ ಹೊರಕ್ಕೆ ಸರಿಯಿತು! ಇದಕ್ಕೆ ಸ್ಲೈಡ್-ಔಟ್ ಎಂದು ಹೆಸರು. ಓಡುವಾಗ ಗೋಡೆ ಒಳಗೆ, ನಿಂತಾಗ ಹೊರಗೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಓಣಿಯಂತಿದ್ದ ಜಾಗ ಪಡಸಾಲೆಯಾಯಿತು. ನಮ್ಮ ಮನೆಯ ಅಡಿಗೆಮನೆಗೆ ಇಂಥ ಒಂದು ಗುಂಡಿ ಇದ್ದಿದ್ದರೆ ಎಂದು ನಿಟ್ಟುಸಿರು ಬಿಟ್ಟೆ.

ಒಳಗೆ ಒರಗಿ ಕೂರುವ ಎರಡು ಕುರ್ಚಿ, ಅದಕ್ಕೆದುರು ಟೀವಿ. ಟೀವಿಯ ಕೆಳಗೆ ಬೆಂಕಿಗೂಡು. ಬೆಂಕಿ ನಿಜವಾದದ್ದಲ್ಲ, ವಿದ್ಯುತ್ತಿನದು. ಕೆಂಡದಂತೆ ಕಾಣುತ್ತದೆ, ಅಷ್ಟೆ. ಹೊರಗಿನ ಗೋಡೆಯಲ್ಲಿ ಇನ್ನೊಂದು ಪುಟ್ಟ ಅಡಿಗೆಕಟ್ಟೆ. ಹಿಂದುಗಡೆ ಬಾಗಿಲಿರುವ ಸಣ್ಣ ಕೋಣೆ, ಅದರಲ್ಲಿ ಮೇಲೊಂದು ಕೆಳಗೊಂದು ಮಂಚ. "ಇದು ನಿಂದು ಅವ್ವಾ" ಎಂದು ಮಗಳು ಕೆಳಗಿನ ಮಂಚವನ್ನು ತಟ್ಟಿದಳು. ನಾನು ನಗುತ್ತ ಕೂತು ನೋಡಿದೆ. ಮೆತ್ತಗಿತ್ತು.

ಹೊರಗೆ ಬಂದು ಅಳಿಯಂದಿರನ್ನು ಕೇಳಿದೆ: "ಓಡುವಾಗ ನಾವೆಲ್ಲ ಇದರೊಳಗೇ ಕೂರೋದೇನು?"

"ಇಲ್ಲ ಅತ್ತಿ, ಅದು ಅಪಾಯ. ಎಲ್ಲಾರೂ ಕಾರಿನಾಗ ಬೆಲ್ಟ್ ಹಾಕ್ಕೊಂಡು ಕೂರಬೇಕು."

"ಮತ್ತ ಎಂಟು ಮಂದಿ ಮಲಗೋದು ಇದರಾಗ. ಎಂಟು ಮಂದಿ ಬರೋದು ಯಾವುದರಾಗ?"

ಅವರ ಕಾರಿನಲ್ಲಿ ಏಳು ಸೀಟು. ಅಳಿಯಂದಿರು ಗೊಳ್ಳೆಂದು ನಕ್ಕರು. ಮಗಳು ನಗಲಿಲ್ಲ. ಬೆರಳು ಮಡಿಚಿ ಲೆಕ್ಕ ಒಪ್ಪಿಸಿದಳು. ತಾವು ನಾಲ್ವರು. ಅಳಿಯಂದಿರ ತಂದೆ ತಾಯಿ ಇಬ್ಬರು. ಬೆಂಗಳೂರಿನಲ್ಲಿರುವ ತಮ್ಮ ಒಬ್ಬ. "ಎಂಟನೇದಾಕಿ ನೀನು" ಎಂದಳು. ಆಗ ನಾನು ಸುಮ್ಮನಾದೆ. ಬೀಗರಿಗೆ ಮಂಡಿ ನೋವು, ವಿಮಾನವೆಂದರೆ ಆಗದು. ಮಗನಿಗೆ ನಮ್ಮೂರಿಗೆ ಬರಲೇ ಪುರುಸೊತ್ತಿಲ್ಲ. ಇದು ಮಗಳಿಗೂ ಗೊತ್ತು. ಆದರೂ ಅವಳ ಲೆಕ್ಕದಲ್ಲಿ ಎಲ್ಲರಿಗೂ ಒಂದೊಂದು ಮಂಚವಿತ್ತು.

ಅವಳಿಗೆ ಆ ಹುಚ್ಚು ನನ್ನಿಂದಲೇ ಬಂದಿರಬೇಕು. ಚಿಕ್ಕವಳಿದ್ದಾಗ ಊಟಕ್ಕೆ ಕೂತರೆ ನಾನು ಹೇಳುತ್ತಿದ್ದುದು ಮೈಲಾರದ ಜಾತ್ರೆಯ ಕಥೆ. 1970ರ ದಶಕದಲ್ಲಿ ಭರತ ಹುಣ್ಣಿಮೆ ಬಂತೆಂದರೆ ನಮ್ಮ ತವರಿನವರೆಲ್ಲ ಬಂಡಿ ಕಟ್ಟಿಕೊಂಡು ತುಂಗಭದ್ರೆ ದಾಟಿ ಮೈಲಾರಲಿಂಗನ ಕಾರಣಿಕ ಕೇಳಲು ಹೋಗುತ್ತಿದ್ದೆವು. ಬಿದಿರಿನ ಕಮಾನು ಕಟ್ಟಿ ಜಮಖಾನೆ ಹೊದಿಸಿದ ಸವಾರಿ ಬಂಡಿ. ಅದರಲ್ಲಿ ಎಂಟಲ್ಲ, ಹನ್ನೊಂದು ಮಂದಿ! ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಯ ಬುತ್ತಿ. ರಾತ್ರಿ ಬಂಡಿಯ ಮೂಕಿ ಇಳಿಸಿ, ಮೂರು ಕಲ್ಲು ಹೂಡಿ ಅನ್ನ ಬೇಯಿಸಿ, ಹೆಂಗಸರು ಮಕ್ಕಳು ಬಂಡಿಯೊಳಗೆ, ಗಂಡಸರು ಬಂಡಿಯಡಿಗೆ ಮಲಗುವುದು. ಆ ಹನ್ನೊಂದು ಮಂದಿಯಲ್ಲಿ ಈಗ ಉಳಿದವರು ನಾವು ಮೂವರು.

ಅಂಗಡಿಯ ಹುಡುಗ ನಮಗೆ ಬೆಲೆ ಹೇಳಲಿಲ್ಲ. ತಿಂಗಳಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಮಾತ್ರ ಹೇಳಿದ. ಎಷ್ಟು ತಿಂಗಳು ಎಂದು ನಾನೇ ಬಾಯಿ ಬಿಟ್ಟು ಕೇಳಬೇಕಾಯಿತು. ನೂರಾ ಎಂಬತ್ತು! ಅಂದರೆ ಹದಿನೈದು ವರ್ಷ. ಅಷ್ಟರಲ್ಲಿ ಮೊಮ್ಮಕ್ಕಳು ಕಾಲೇಜು ಸೇರಿರುತ್ತಾರೆ. ಹೊಸ ಟ್ರೈಲರು ಅಂಗಡಿಯ ಗೇಟು ದಾಟಿದೊಡನೆ ಬೆಲೆ ಇಳಿಯತೊಡಗುತ್ತದೆ. ಸಾಲ ಮಾತ್ರ ಅಷ್ಟು ಬೇಗ ಇಳಿಯದು.

ನಮ್ಮ ಅದೃಷ್ಟಕ್ಕೆ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದರು. ಮೂವತ್ತು ವರ್ಷ ಟ್ರೈಲರ್ ಎಳೆದವರು. ನಾನೂ ಶಿಕ್ಷಕಿ ಎಂದು ತಿಳಿದದ್ದೇ ತಡ, ಕಾಫಿಗೆ ಕರೆದು ಒಂದು ಗಂಟೆ ಪಾಠ ಹೇಳಿದರು. ನಾನು ನೋಟ್ಸು ಬರೆದುಕೊಂಡೆ. ಅವರು ಹೇಳಿದ ಮೊದಲ ಮಾತು: ಸೋಫಾ ನೋಡುವ ಮೊದಲು ಬಾಗಿಲ ಹತ್ತಿರ ಅಂಟಿಸಿದ ಚೀಟಿ ನೋಡು.

ಆ ಚೀಟಿಯಲ್ಲಿ ತೂಕಗಳಿರುತ್ತವೆ. ತುಂಬಿದ ಟ್ರೈಲರ್ ಎಷ್ಟು ತೂಗಬಹುದೆಂಬ ಮಿತಿ ಒಂದು. ಸಾಮಾನು ಎಷ್ಟು ಹೇರಬಹುದೆಂಬುದು ಇನ್ನೊಂದು. ನೀರೂ ಸಾಮಾನೇ. ನಲವತ್ತು ಗ್ಯಾಲನ್ನಿನ ಟಾಕಿ ತುಂಬಿಸಿದರೆ ನೂರೈವತ್ತು ಕಿಲೋ ಏರಿತು. ಮೂವತ್ತಮೂರು ಅಡಿಯ ಆ ಸುಂದರಿಯ ಮಿತಿ ನಾಲ್ಕು ಸಾವಿರದ ಮುನ್ನೂರು ಕಿಲೋ. ಮಗಳ ಕಾರು ಎಳೆಯಬಲ್ಲದ್ದು 5000 ಪೌಂಡು, ಅಂದರೆ ಸುಮಾರು 2270 ಕಿಲೋ. ಟ್ರೈಲರ್ ಕೊಂಡರೆ ಸಾಲದು, ಅದನ್ನು ಎಳೆಯಲು ದೊಡ್ಡ ಟ್ರಕ್ಕನ್ನೂ ಕೊಳ್ಳಬೇಕು. ಆನೆ ದಾನವಾಗಿ ಬಂದರೂ ಮಾವುತನ ಸಂಬಳ ನಮ್ಮದೇ ತಾನೆ?

ಎರಡನೆಯ ಪಾಠ ಮುಂಭಾರ ಹಿಂಭಾರದ್ದು. ತುಂಬಿದ ಟ್ರೈಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಮುಂದಿನ ಕೊಕ್ಕೆಯ ಮೇಲೆ ಬೀಳಬೇಕಂತೆ. ಹಿಂದೆ ಭಾರ ಹೆಚ್ಚಾದರೆ ಹೆದ್ದಾರಿಯಲ್ಲಿ ಟ್ರೈಲರು ಮೀನಿನ ಬಾಲದಂತೆ ಅತ್ತಿತ್ತ ಹೊಯ್ದಾಡಿ ಕಾರನ್ನೂ ಉರುಳಿಸೀತು. ಮುಂದೆ ಅತಿಯಾದರೆ ಕಾರಿನ ಹಿಂಭಾಗ ಕುಸಿಯುತ್ತದೆ. ಇದನ್ನು ಆಕೆ ಬಹಳ ಕಷ್ಟಪಟ್ಟು, ಚಮಚ ಪೆನ್ಸಿಲುಗಳನ್ನಿಟ್ಟು ವಿವರಿಸಿದರು. ನನಗೆ ಚಮಚ ಬೇಕಿರಲಿಲ್ಲ. ಮೈಲಾರದ ದಾರಿಯಲ್ಲಿ ಅಪ್ಪ ಇದನ್ನೇ ಹೇಳುತ್ತಿದ್ದರು. ಬಂಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. "ಹಿಂದಿನವರು ಮುಂದ ಸರೀರಿ" ಎಂದು ಅಪ್ಪ ಕೂಗಿದರೆ ನಾವೆಲ್ಲ ಕೂತಲ್ಲೇ ಜರುಗುತ್ತಿದ್ದೆವು. ಅಮೆರಿಕವಾದರೇನು, ರಾಣೇಬೆನ್ನೂರಾದರೇನು, ಎಳೆಯುವವನ ಕೊರಳ ಕಷ್ಟ ಒಂದೇ.

ಉಳಿದ ಪಾಠಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಸ್ಲೈಡ್-ಔಟನ್ನು ಒಳಗೆ ಎಳೆಸಿ, ಆಗಲೂ ಶೌಚಕ್ಕೂ ಫ್ರಿಜ್ಜಿಗೂ ದಾರಿ ಇದೆಯೇ ನೋಡಬೇಕು. ದಾರಿಯಲ್ಲಿ ಮಕ್ಕಳಿಗೆ ಅವಸರವಾದಾಗ ಗೋಡೆ ಅಡ್ಡ ಬರಬಾರದು. ಪ್ರತಿ ಮಂಚದ ಮೇಲೂ ನಿಜವಾಗಿ ಮಲಗಿ ನೋಡಬೇಕು, ಬಚ್ಚಲಿನ ಬಾಗಿಲು ಹಾಕಿಕೊಂಡು ತಿರುಗಿ ನೋಡಬೇಕು. ಮೂಲೆಗಳನ್ನೂ ಕಿಟಕಿಯ ಕೆಳಭಾಗವನ್ನೂ ಒತ್ತಿ, ಮೆತ್ತಗಿದ್ದರೆ ನೀರು ಸೋರಿದೆ ಎಂದು ತಿಳಿಯಬೇಕು. ಸೋರುವಿಕೆಯೇ ಈ ಮನೆಗಳಿಗೆ ಗೆದ್ದಲು. ಹಳೆಯ ರಾಷ್ಟ್ರೀಯ ಉದ್ಯಾನಗಳಲ್ಲಿ ಮೂವತ್ತು ಅಡಿ ದಾಟಿದವಕ್ಕೆ ಜಾಗ ಸಿಗುವುದು ಕಷ್ಟ. ಚಳಿಗಾಲ ಬರುವ ಮುನ್ನ ಕೊಳವೆಗಳ ನೀರೆಲ್ಲ ಬಸಿಯಬೇಕು, ಇಲ್ಲವಾದರೆ ಹೆಪ್ಪುಗಟ್ಟಿ ಒಡೆಯುತ್ತವೆ.

ಒಂದು ಭಾನುವಾರ ಅಳಿಯಂದಿರು ಪಕ್ಕದ ಇಂಡಿಯಾನ ರಾಜ್ಯದ ಎಲ್ಕಾರ್ಟಿಗೆ ಕರೆದೊಯ್ದರು. ಆ ದೇಶದ ಬಹುಪಾಲು ಟ್ರೈಲರುಗಳು ತಯಾರಾಗುವುದು ಆ ಸುತ್ತಿನಲ್ಲೇ. ಅಲ್ಲೊಂದು ವಸ್ತುಸಂಗ್ರಹಾಲಯವಿದೆ. 1913ರ ಒಂದು ಪುಟ್ಟ ಟ್ರೈಲರನ್ನು ಅಲ್ಲಿ ಜೋಪಾನ ಮಾಡಿದ್ದಾರೆ. ಉಳಿದಿರುವವುಗಳಲ್ಲಿ ಅದೇ ಅತ್ಯಂತ ಹಳೆಯದೆನ್ನುತ್ತಾರೆ. ನಾನು ಅದರ ಮುಂದೆ ಬಹಳ ಹೊತ್ತು ನಿಂತೆ. ನಮ್ಮ ಸವಾರಿ ಬಂಡಿಯ ಅಕ್ಕನಂತಿತ್ತು.

ಪಕ್ಕದ ಮನೆಯಾಕೆಯ ಕೊನೆಯ ಪಾಠದಂತೆ, ಕೊಳ್ಳುವ ಮೊದಲು ಒಂದು ಚಿಕ್ಕ ಟ್ರೈಲರನ್ನು ಬಾಡಿಗೆಗೆ ತಂದರು. ಮೇ ಕೊನೆಯ ವಾರ ಮಿಷಿಗನ್ ಸರೋವರದ ದಂಡೆಗೆ ಹೋದೆವು. ಆಚೆ ದಡ ಕಾಣದ ಸರೋವರ, ಉಪ್ಪಿಲ್ಲದ ಸಮುದ್ರವೆನ್ನಬೇಕು. ವಿದ್ಯುತ್ತಿನ ಕಂಬಕ್ಕೆ ತಂತಿ ಸಿಕ್ಕಿಸಿ, ಉಪ್ಪಿಟ್ಟು ಮಾಡಿದೆ. ಊಟದ ಮೇಜನ್ನು ತಗ್ಗಿಸಿ ಮೇಲೆ ದಿಂಬು ಜೋಡಿಸಿದರೆ ಅದೇ ಮಂಚ. ಅದರ ಮೇಲೆ ನಾನೂ ಮೊಮ್ಮಗಳೂ. ಅತ್ತೆಯವರಿಗೆ ಫೋನಿನಲ್ಲಿ ಇಡೀ ಮನೆ ತೋರಿಸಿದೆ. "ಅಯ್ಯ, ಒಲಿಯಿಂದ ನಾಕು ಹೆಜ್ಜಿಗೆ ಪಾಯಖಾನೆನಾ?" ಎಂದು ಸೆರಗು ಮೂಗಿಗೆ ಹಿಡಿದರು. ಕೊಳೆ ನೀರಿಗೆ ಎರಡು ಟಾಕಿ, ಶೌಚದ್ದನ್ನು ಮೊದಲು ಬಿಟ್ಟು ಬಚ್ಚಲಿನದನ್ನು ಆಮೇಲೆ ಬಿಟ್ಟರೆ ಕೊಳವೆ ತೊಳೆದುಹೋಗುತ್ತದೆ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ. ರಾಣೇಬೆನ್ನೂರಿನಲ್ಲೇ ಸ್ನಾನ ಮಾಡಿಬಿಡುತ್ತಿದ್ದರು.

ರಾತ್ರಿ ಮಳೆ ಹಿಡಿಯಿತು. ತಗಡಿನ ಮೇಲೆ ಬಿದ್ದಂತೆ ಸದ್ದು. ಎಲ್ಲರೂ ಮಲಗಿದ ಮೇಲೆ ಮಗಳು ಬಂದು ನನ್ನ ಕಾಲ ಬುಡದಲ್ಲಿ ಕೂತಳು.

"ಅವ್ವಾ, ರಿಟೈರಾದ ಮ್ಯಾಲೆ ಅಲ್ಲೆ ಒಬ್ಬಾಕೀನ ಏನು ಮಾಡ್ತಿ?"

"ಒಬ್ಬಾಕಿ ಎಲ್ಲೆ? ನಿಮ್ಮಜ್ಜಿ ಅದಾರಲ್ಲ."

"ಅಜ್ಜಿ ಹೋದ ಮ್ಯಾಲೆ?"

ಮೂವತ್ತೆರಡು ವರ್ಷ ಪಾಠ ಮಾಡಿದವಳು ನಾನು. ಉತ್ತರವಿಲ್ಲದ ಪ್ರಶ್ನೆ ಎದುರಾದರೆ ನಾಳೆ ಹೇಳುತ್ತೇನೆಂದು ಗಂಟೆಯ ಕಡೆ ನೋಡುವ ಉಪಾಯ ಬಲ್ಲೆ. ಅಲ್ಲಿ ಗಂಟೆ ಇರಲಿಲ್ಲ. ನಮ್ಮ ಯಜಮಾನರು 2016ರಲ್ಲಿ ಹೋದಾಗ ಅವಳಿಗೆ ಬರಲಾಗಿರಲಿಲ್ಲ, ಆಗಷ್ಟೇ ಹೆರಿಗೆಯಾಗಿತ್ತು. ಆ ನೋವು ಅವಳೊಳಗೆ ಇನ್ನೂ ಇದೆ. ಬಾಗಿಲಿರುವ ಆ ಸಣ್ಣ ಕೋಣೆ, ಕೆಳಗಿನ ಮಂಚ, ಎಲ್ಲವನ್ನೂ ಅವಳು ಆರಿಸುತ್ತಿದ್ದುದು ಆ ನೋವಿನಿಂದ ಎಂದು ನನಗೆ ಆಗ ಹೊಳೆಯಿತು. ನಾನೋ ಬರೀ ಕಿಲೋಗಳನ್ನು ಕೂಡಿಸುತ್ತ ಜಾಣೆಯಂತೆ ತಿರುಗಿದ್ದೆ.

"ಆಮ್ಯಾಲಿಂದು ನನಗೂ ಗೊತ್ತಿಲ್ಲವ್ವ" ಎಂದೆ. "ನಾ ಇಲ್ಲೇ ಬಂದು ಇರತೀನಿ ಅಂತ ಮಾತು ಕೊಡಲಿಕ್ಕೆ ಆಗೂದಿಲ್ಲ. ನನ್ನ ಮನಿ, ನನ್ನ ಓಣಿ ಬಿಟ್ಟು ನಾ ಇರಲಾರೆ. ನನ್ನ ಹೆಸರಿಲೆ ಹದಿನೈದು ವರ್ಷದ ಸಾಲ ಮಾಡಬ್ಯಾಡ. ಖಾಲಿ ಮಂಚ ಎಳಕೊಂಡು ತಿರುಗಿದರ ಪ್ರತಿ ಸಲ ನಿನಗ ನೋವಾಗತೈತಿ. ಬಂದಾಗ ನಂಗ ಈ ಮೇಜು ಸಾಕು."

ಅವಳು ಏನೂ ಹೇಳಲಿಲ್ಲ. ಎದ್ದು ಹೋಗಲೂ ಇಲ್ಲ. ಮಳೆ ನಿಲ್ಲುವವರೆಗೆ ನನ್ನ ಕಾಲು ಹಿಡಿದು ಕೂತಿದ್ದಳು. ಮುಂದೆ ಎರಡು ದಿನ ನನ್ನೊಡನೆ ಮಾತು ಕಡಿಮೆ. ನಾನು ಹೇಳಿದ್ದು ನಿಜವೇ. ಆದರೆ ನಿಜ ಹೇಳಿದ ಮಾತ್ರಕ್ಕೆ ಹೇಳಿದವರ ಮನಸ್ಸು ಹಗುರಾಗುವುದಿಲ್ಲ.

ನಾನು ಊರಿಗೆ ಮರಳಿದ ಮೇಲೆ, ಆ ವರ್ಷದ ಮಳೆಗಾಲದ ಕೊನೆಗೆ, ಅವರು ಟ್ರೈಲರ್ ಕೊಂಡರು. ಬಳಸಿದ್ದು, ಇಪ್ಪತ್ತೊಂದು ಅಡಿಯದು, ತುಂಬಿದರೂ ತಮ್ಮ ಕಾರೇ ಎಳೆಯುವಂಥದ್ದು. ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ, ಮುಂದೆ ಗಂಡ ಹೆಂಡಿರ ಹಾಸಿಗೆ, ನಡುವೆ ಊಟದ ಮೇಜು. ಬೆಂಕಿಗೂಡಿಲ್ಲ. ಗೋಡೆಯೂ ಸರಿಯುವುದಿಲ್ಲ. ಸಾಲವಿಲ್ಲದೆ ಕೊಂಡರು.

ಮೊದಲ ಪ್ರಯಾಣದ ಫೋಟೋ ಕಳಿಸಿದ್ದಳು. ಮೇಜನ್ನು ತಗ್ಗಿಸಿ ಮಂಚ ಮಾಡಿ, ಅದರ ಮೇಲೆ ಅತ್ತೆಯವರು ಹೊಲಿದ ಕೌದಿ ಹಾಸಿದ್ದಳು. ಯಾರೂ ಮಲಗಿರಲಿಲ್ಲ. ಅತ್ತೆಯವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಮ್ಮೆ ಹೋಗಿ ಬಾ. ನಾ ಇರತೀನಿ" ಎಂದರು.