ಗೇಣಿಗೊಂದು ಊರು

ಬೆಳಿಗ್ಗೆ ಆರೂವರೆ. ಡಿಸೆಂಬರ್ ತಿಂಗಳು, ಅಮಾವಾಸ್ಯೆ ಕಳೆದು ಎರಡು ದಿನ. ಉಳ್ಳಾಲದ ಸೋಮೇಶ್ವರ ದೇವಸ್ಥಾನದ ಪಕ್ಕದ ರುದ್ರಪಾದೆ ಎಂಬ ಬಂಡೆಯ ಮೇಲೆ ನಿಂತಿದ್ದೀರಿ. ನಿನ್ನೆ ನಸುಕಿಗೆ ಅನ್ನೂರು ಬಿಟ್ಟು, ಕೊಯಮತ್ತೂರಲ್ಲಿ ರೈಲು ಹತ್ತಿ, ಪಾಲಕ್ಕಾಡಿನ ಕಣಿವೆ ದಾಟಿ ಬಂದವರು ನೀವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಿಮ್ಮೂರಲ್ಲಿ ನೀರೆಂದರೆ ಬಾವಿ, ಕೆರೆ, ಅಷ್ಟೇ.

ಆದರೆ ಆ ಬಾವಿಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೇಸಿಗೆಯಲ್ಲಿ ತೋಟದ ಬಾವಿಗೆ ಬಗ್ಗಿ ನೋಡಿದ್ದೀರಲ್ಲ? ಮೇಲೆ ಬಿಳಿಚಿದ ಕಲ್ಲು, ಅದರ ಕೆಳಗೆ ಒಣಗಿ ಕಪ್ಪಾದ ಪಾಚಿ, ನೀರಿನ ಅಂಚಿಗೆ ಹಸಿರು. ಒಂದರ ಕೆಳಗೊಂದು ಪಟ್ಟೆ. ಬಾವಿ ತಿಂಗಳುಗಟ್ಟಲೆ ತೆಗೆದುಕೊಂಡು ಮಾಡುವ ಕೆಲಸವನ್ನು ಕಡಲು ದಿನಕ್ಕೆರಡು ಸಲ ಮಾಡುತ್ತದೆ. ಈಗ ಇಳಿತ. ಪಾದೆಯ ಗೋಡೆ ಬತ್ತಲೆ ನಿಂತಿದೆ, ಪಟ್ಟೆಗಳು ಕಣ್ಣಿಗೆ ಕಾಣುತ್ತವೆ.

ಚಪ್ಪಲಿ ಬಿಚ್ಚಬೇಡಿ. ಇಳಿಯಿರಿ.

ಮೊದಲು ಸಿಗುವುದು ಒಣ ಕಲ್ಲು. ಏನೂ ಇಲ್ಲ ಅನ್ನಿಸುತ್ತದೆ. ಕೂತು ಬಿರುಕಿನೊಳಗೆ ನೋಡಿ: ಕೊತ್ತಂಬರಿ ಬೀಜದಷ್ಟು ದಪ್ಪದ ಬೂದು ಶಂಖುಹುಳುಗಳು, ಸಾಲಾಗಿ. ಅಲೆಯ ಸಿಂಪರಣೆ ಬಿಟ್ಟರೆ ಇವಕ್ಕೆ ಕಡಲಿಲ್ಲ. ಬಾಗಿಲು ಮುಚ್ಚಿ, ಚಿಪ್ಪಿನ ತುಟಿಯನ್ನು ಲೋಳೆಯಿಂದ ಕಲ್ಲಿಗೆ ಅಂಟಿಸಿ, ಒಳಗಿನ ತೇವ ಹಿಡಿದುಕೊಂಡು ಕೂತಿವೆ. ಒಂದನ್ನು ಮುಟ್ಟಿದರೆ ಟಕ್ಕನೆ ಉದುರುತ್ತದೆ.

ಎರಡು ಗೇಣು ಕೆಳಗೆ ಕೈಯಿಟ್ಟಾಗ ಚರ್ಮ ತರಚುತ್ತದೆ. ಚಪ್ಪಲಿ ಬೇಕೆಂದದ್ದು ಇದಕ್ಕೇ. ಪುಟ್ಟ ಜ್ವಾಲಾಮುಖಿಗಳ ಹಾಗೆ ಕಲ್ಲಿಗೆ ಕಚ್ಚಿಕೊಂಡ ಬಾರ್ನಕಲ್‌ಗಳು. ಚಿಪ್ಪು ನೋಡಿ ಮೋಸಹೋಗಬೇಡಿ, ಇವು ಏಡಿ ಸಿಗಡಿಗಳ ಬಳಗ. ತಲೆಯನ್ನು ಕಲ್ಲಿಗೆ ಅಂಟಿಸಿ, ನೀರು ಬಂದಾಗ ಕಾಲುಗಳನ್ನು ಬೀಸಿ ಊಟ ಬಾಚಿಕೊಳ್ಳುತ್ತವೆ. ನಡುನಡುವೆ ಚೀನೀ ಟೋಪಿಯಾಕಾರದ ಲಿಂಪೆಟ್, ಅಂಚು ಚೂಪಾದ ಕಲ್ವ ಎಂಬ ಚಿಪ್ಪು.

ಎರಡು ಗೇಣಿನಲ್ಲಿ ಎರಡು ಊರು. ಮಂಗಳೂರಿನ ಕಡೆ ದೊಡ್ಡ ಭರತದ ದಿನಗಳಲ್ಲೂ ನೀರಿನ ಏರಿಳಿತ ಒಂದೂವರೆ ಮೀಟರಿನ ಆಸುಪಾಸು. ಗುಜರಾತಿನ ಭಾವನಗರದಲ್ಲಿ ಅದು ಹತ್ತು ಮೀಟರ್ ಮುಟ್ಟುತ್ತದೆ. ಇಲ್ಲಿ ಜಾಗ ಇಕ್ಕಟ್ಟು, ಅದಕ್ಕೇ ಪಟ್ಟೆಗಳೂ ಒತ್ತೊತ್ತಾಗಿವೆ. ಕಡಲಿಗೆ ಎದೆಯೊಡ್ಡಿದ ಮಗ್ಗುಲಿಗೆ ಹೋಗಿ ನೋಡಿದರೆ ಅದೇ ಬಾರ್ನಕಲ್ ಇನ್ನೂ ಮೇಲೆ ಹತ್ತಿರುತ್ತದೆ. ಅಲ್ಲಿ ಅಲೆ ಮೇಲಿನವರೆಗೂ ಎರಚುತ್ತದೆ. ಹಾಗಾಗಿ ಎತ್ತರವನ್ನು ಅಡಿ ಅಂಗುಲದಲ್ಲಿ ಅಳೆದು ಲಾಭವಿಲ್ಲ. ದಿನಕ್ಕೆ ಎಷ್ಟು ಗಂಟೆ ಒದ್ದೆ, ಅದೇ ಇಲ್ಲಿನ ಅಳತೆಗೋಲು.

ಸರಿ, ಬಾರ್ನಕಲ್ ಇನ್ನೂ ಮೇಲೆ ಹೋಗಲಾರದ್ದಕ್ಕೆ ಬಿಸಿಲು ಕಾರಣ. ಕೆಳಗೆ ಹೋಗದಿರಲು? ಕೆಳಗೆ ನೀರು ಹೆಚ್ಚು, ಊಟ ಹೆಚ್ಚು. ಈ ಪ್ರಶ್ನೆಯನ್ನು ಸ್ಕಾಟ್ಲೆಂಡಿನ ಮಿಲ್‌ಪೋರ್ಟ್ ತೀರದಲ್ಲಿ ಜೀವವಿಜ್ಞಾನಿ ಜೋಸೆಫ್ ಕಾನೆಲ್ ಕಲ್ಲಿಗೇ ಕೇಳಿದರು. ಮೇಲಿನ ಪಟ್ಟೆಯ ಪುಟ್ಟ ಬಾರ್ನಕಲ್ ಇದ್ದ ಕಲ್ಲುಗಳನ್ನು ಕೆಳಗಿಟ್ಟು, ಸುತ್ತಲಿನ ದೊಡ್ಡ ಜಾತಿಯದನ್ನು ಕಿತ್ತುಹಾಕಿದರು. ಪುಟ್ಟದು ಅಲ್ಲಿ ಚೆನ್ನಾಗಿಯೇ ಬದುಕಿತು. ಕೀಳದೆ ಬಿಟ್ಟ ಕಡೆ ದೊಡ್ಡದು ಅದರ ಮೇಲೆ ಬೆಳೆದು, ಅಡಿಯಿಂದ ಎಬ್ಬಿ, ಹಿಸುಕಿ ಕೊಂದಿತು. 1961ರಲ್ಲಿ ಇದು ಪ್ರಕಟವಾಯಿತು. ಮೇಲಿನ ಗಡಿ ಸೂರ್ಯನದು, ಕೆಳಗಿನ ಗಡಿ ನೆರೆಯವರದು. ಬದು ಒತ್ತುವ ಜಗಳ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಇನ್ನೂ ಕೆಳಗೆ ಪಾದೆ ಕಪ್ಪು-ಹಸಿರಿಗೆ ತಿರುಗಿದೆ. ಪಚ್ಚಿಲೆ ಎಂಬ ಜೋಡಿಚಿಪ್ಪಿನ ಜೀವಿಗಳು. ಒಂದಕ್ಕೊಂದು ಒತ್ತಿ, ಗಡ್ಡದಂಥ ನೂಲುಗಳಿಂದ ಕಲ್ಲಿಗೆ ಬಿಗಿದುಕೊಂಡಿವೆ. ಎಳೆದರೆ ಬರುವುದಿಲ್ಲ. ಆಚೆ ಒಬ್ಬರು ಸೊಂಟಮಟ್ಟ ನೀರಲ್ಲಿ ನಿಂತು ಕಬ್ಬಿಣದ ಪಟ್ಟಿಯಿಂದ ಎಬ್ಬಿಸಿ ಚೀಲಕ್ಕೆ ತುಂಬುತ್ತಿದ್ದಾರೆ. ಪಚ್ಚಿಲೆಯ ನಡುವೆ ಒಂದು ಖಾಲಿ ಚಿಪ್ಪು ಎತ್ತಿಕೊಳ್ಳಿ: ಸೂಜಿಯಲ್ಲಿ ಕೊರೆದಷ್ಟು ಅಚ್ಚುಕಟ್ಟಾದ ದುಂಡು ತೂತು. ಅದು ಕೊರೆಯುವ ಶಂಖುಹುಳುವಿನ ಕೆಲಸ. ಬೇಟೆಗಾರನಿಗೂ ಒಣ ಕಲ್ಲು ಆಗದು. ಅವನು ಹೆಚ್ಚು ಹೊತ್ತು ನಿಲ್ಲಲಾರದಷ್ಟು ಎತ್ತರದಲ್ಲಿರುವವರು ಬಚಾವು.

ಕಟ್ಟಕಡೆಗೆ, ಅಲೆ ಹಿಂದೆ ಸರಿದ ಗಳಿಗೆಯಷ್ಟೇ ಕಾಣುವ ಜಾಗ. ಕಂದು ಕಡಲಕಳೆ ತಲೆಗೂದಲಿನಂತೆ ಹರಡಿ ಮಲಗುತ್ತದೆ. ಕುಳಿಯಲ್ಲಿ ಒಂದು ಕಡಲಹೂ ಎಸಳು ಬಿಚ್ಚಿದೆ, ಹೂವಲ್ಲ, ಪ್ರಾಣಿ. ಅದಕ್ಕೆ ಒಣಗುವುದು ಗೊತ್ತೇ ಇಲ್ಲ. ಇನ್ನೂ ಹತ್ತಿರದಿಂದ ನೋಡೋಣವೆಂದು ಕಾಲು ಮುಂದಿಡುತ್ತೀರಿ.

"ಆಚೆ ಹೋಗ್ಬೇಡಿ ಮಾರಾಯ್ರೆ, ಜಾರ್ತದೆ," ಪಚ್ಚಿಲೆಯವರ ಕೂಗು. "ನೀರು ತಿರುಗಿತು."

ಹೌದು, ಕಡಲಹೂವಿನ ಕುಳಿ ಆಗಲೇ ಮುಳುಗಿದೆ. ಮೇಲೆ ಹತ್ತಿ. ಈ ಪಾದೆಯ ಅಲೆ ಎಷ್ಟೋ ಜನರನ್ನು ಎಳೆದೊಯ್ದಿದೆ. ನಾಳೆಯೂ ಬರುವುದಾದರೆ ಐವತ್ತು ನಿಮಿಷ ತಡಮಾಡಿ ಬನ್ನಿ. ಇಳಿತ ದಿನಕ್ಕೆ ಸುಮಾರು ಅಷ್ಟು ಹಿಂದೆ ಬೀಳುತ್ತದೆ.